ತುಮಕೂರಿಗೆ ಬಂದವರನ್ನ ಒಂದು ದಿನ ಎಲ್ಲಿಗೆ ಕರ್ಕೊಂಡು ಹೋಗೋದು? ನೀರಿನ ದಾರಿಯ ಒಂದು ಪಾಠ

ಫೆಸ್ಟ್ ಸೀಸನ್ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ಗಳಿಗೆ ಬೇರೆ ಊರಿನ, ಬೇರೆ ರಾಜ್ಯದ ಫ್ರೆಂಡ್ಸ್ ಬಂದು ಉಳ್ಕೊಳ್ತಾರೆ. ಸೆಮಿಸ್ಟರ್ ಕೊನೆಯಲ್ಲಿ ಕಸಿನ್ಸ್ ಬರ್ತಾರೆ. ಎಲ್ಲರೂ ಕೇಳೋ ಪ್ರಶ್ನೆ ಒಂದೇ: "ನಾಳೆ ಒಂದು ದಿನ ಫ್ರೀ ಇದೆ, ಇಲ್ಲಿ ನೋಡೋಕೆ ಏನಿದೆ?" ನಮ್ಮ ಉತ್ತರವೂ ಸಾಮಾನ್ಯವಾಗಿ ಒಂದೇ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನು, ದೇವರಾಯನದುರ್ಗ ಹತ್ತಿ ಸೆಲ್ಫಿ ತಗೋ, ಆಮೇಲೆ ಬೆಂಗಳೂರಿಗೆ ಹೋಗ್ಬಿಡು, ಅಲ್ಲಿ ತುಂಬಾ ಇದೆ. ಬೆಂಗಳೂರಿಂದ ಸುಮಾರು 70 ಕಿ.ಮೀ. ದೂರದಲ್ಲಿ ಇರೋದರಿಂದ ತುಮಕೂರು ಅಂದ್ರೆ ಹೈವೇಲಿ ಟೀ ಕುಡಿಯೋ ಊರು ಅಂತ ಹೊರಗಿನವರು ಅಂದುಕೊಂಡಿರ್ತಾರೆ. ನಾವೂ ಅದನ್ನೇ ನಂಬಿಬಿಟ್ಟಿದ್ದೀವಿ ಅನ್ಸುತ್ತೆ.

ಈ ಲೇಖನ ಒಂದು ಪಾಠದ ರೀತಿ ಬರೆದಿದ್ದೀನಿ. ವಿಷಯ: ಒಂದು ದಿನದ ಪ್ರವಾಸವನ್ನ ಯೋಜನೆ ಮಾಡೋದು ಹೇಗೆ. ಪ್ರಯೋಗದ ಜಾಗ: ತುಮಕೂರು, ಗುಬ್ಬಿ, ಕುಣಿಗಲ್. ನಾನು ಟೂರಿಸ್ಟ್ ಗೈಡ್ ಅಲ್ಲ, ಸೆಕೆಂಡ್ ಇಯರ್ ಸ್ಟೂಡೆಂಟ್. ಆದ್ರೆ ನಮ್ಮ ಸಿಲಬಸ್‌ನಲ್ಲಿ ಇರೋ ಕೆಲವು ವಿಷಯಗಳು ಇಲ್ಲಿಂದ 60 ಕಿ.ಮೀ. ಒಳಗೆ ಕಲ್ಲು, ಮಣ್ಣು, ನೀರಿನ ರೂಪದಲ್ಲಿ ನಿಂತಿವೆ. ಅವುಗಳಲ್ಲಿ ಒಂದರ ಬಗ್ಗೆ ಗೊತ್ತಿಲ್ಲದೆ ಹತ್ತಿರ ಹೋದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಬರೀತಾ ಇದ್ದೀನಿ.

ಮೊದಲು ದೂರದ ಒಂದು ಊರು

ಆಡಿಸ್ ಅಬಾಬ ಇಥಿಯೋಪಿಯಾದ ರಾಜಧಾನಿ. ಕಾನ್ಫರೆನ್ಸ್‌ಗೋ, ಫ್ಲೈಟ್ ಬದಲಾಯಿಸೋಕೋ ಬಂದು ಒಂದೇ ದಿನ ಸಿಕ್ಕವರು ಅಲ್ಲಿ ಜಾಸ್ತಿ. ಅಂಥವರಿಗೆ ಹೇಳೋ ಒಂದು ಪ್ರಸಿದ್ಧ ದಾರಿ ಇದೆ. ಊರಿನಿಂದ ದಕ್ಷಿಣಕ್ಕೆ ಒಂದೇ ರಸ್ತೆ ಹಿಡಿದು ಹೋಗಬೇಕು. ಮೊದಲು ಮೆಲ್ಕಾ ಕುಂಟುರೆ, ಆವಾಶ್ ನದಿಯ ಮೇಲ್ಭಾಗದಲ್ಲಿ ಆದಿಮಾನವರ ಕಲ್ಲಿನ ಆಯುಧಗಳು ಸಿಕ್ಕ ಜಾಗ. ಆಮೇಲೆ ಆದಾದಿ ಮರಿಯಂ, ಬಂಡೆಯನ್ನೇ ಕೊರೆದು ಮಾಡಿದ ಚರ್ಚ್. ಕೊನೆಗೆ ತಿಯಾ, ಕೆತ್ತನೆ ಇರೋ ನಿಲುಗಲ್ಲುಗಳ ಸಾಲು. 1980ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದೆ. ಮೂರೂ ಒಂದೇ ದಿಕ್ಕಿನಲ್ಲಿವೆ. ಮೂರೂ ಕಲ್ಲಿನ ಕಥೆಯೇ: ಕಲ್ಲನ್ನ ಚೂಪು ಮಾಡಿದ್ದು, ಕಲ್ಲನ್ನ ಕೊರೆದಿದ್ದು, ಕಲ್ಲನ್ನ ನೆಟ್ಟಿದ್ದು. ಸಂಜೆ ವಾಪಸ್ ಬಂದವರಿಗೆ ಮೂರು ಫೋಟೋ ಜೊತೆಗೆ ಒಂದು ಅರ್ಥವೂ ತಲೆಯಲ್ಲಿ ಉಳಿಯುತ್ತೆ.

ನೈರೋಬಿಯದು ಇನ್ನೂ ಸುಲಭ. ಊರಿನ ಅಂಚಿನಲ್ಲೇ ನ್ಯಾಷನಲ್ ಪಾರ್ಕ್ ಇದೆ, 1946ರಿಂದ. ಬೆಳಗ್ಗೆ ಹೋಗಿ ಸಿಂಹ ನೋಡಿ ಮಧ್ಯಾಹ್ನ ಮೀಟಿಂಗ್‌ಗೆ ಬರಬಹುದು. ನಮಗೆ ಆ ಲಕ್ಷುರಿ ಇಲ್ಲ. ಆದ್ದರಿಂದ ಆಡಿಸ್ ಅಬಾಬದ ಮಾದರಿಯೇ ನಮಗೆ ಸರಿ: ಒಂದು ದಿಕ್ಕು, ಎರಡೋ ಮೂರೋ ನಿಲ್ದಾಣ, ಎಲ್ಲವನ್ನೂ ಜೋಡಿಸೋ ಒಂದು ದಾರ.

ನಮ್ಮ ಜಿಲ್ಲೆಯಲ್ಲಿ ಆ ದಾರ ಯಾವುದು? ಕೋಟೆ ಅನ್ನಬಹುದು, ದೇವಸ್ಥಾನ ಅನ್ನಬಹುದು, ನಾಟಕ ಅನ್ನಬಹುದು. ನನ್ನ ಆಯ್ಕೆ ನೀರು. ಬರದ ಜಿಲ್ಲೆ ಅಂತ ಹೆಸರು ಮಾಡಿರೋ ಕಡೆ ನೀರು ನೋಡೋಕೆ ಹೋಗೋದಾ ಅಂತ ನಗಬೇಡಿ. ನೀರು ಕಡಿಮೆ ಇರೋ ಕಡೆಯಲ್ಲೇ ಜನ ಅದಕ್ಕೋಸ್ಕರ ಜಾಸ್ತಿ ತಲೆ ಓಡಿಸಿರ್ತಾರೆ.

ಬೆಟ್ಟದ ಮೇಲೆ ಬೀಳೋ ಮಳೆ ಎರಡು ಪಾಲಾಗುತ್ತೆ

ತುಮಕೂರಿನಿಂದ ದೇವರಾಯನದುರ್ಗ ಸುಮಾರು 15 ಕಿ.ಮೀ. ದಾರಿಯಲ್ಲಿ ನಾಮದ ಚಿಲುಮೆ ಸಿಗುತ್ತೆ. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಹಚ್ಚೋಕೆ ನೀರು ಸಿಗದೆ ಬಾಣ ಬಿಟ್ಟ, ಬಂಡೆಯಿಂದ ನೀರು ಚಿಮ್ಮಿತು ಅನ್ನೋದು ಸ್ಥಳಪುರಾಣ. ಹೆಸರು ಬಂದಿದ್ದೂ ಹಾಗೇ. ಬಂಡೆಯೊಳಗಿನ ಸಣ್ಣ ಗುಂಡಿಯಲ್ಲಿ ನೀರು ಒಸರುತ್ತಾ ಇರುತ್ತೆ. ಪಕ್ಕದಲ್ಲಿ ಜಿಂಕೆವನ ಇದೆ. ಹೆಚ್ಚಿನವರು ಐದು ನಿಮಿಷ ನೋಡಿ, ಇಷ್ಟೇನಾ ಅಂತ ಮೇಲೆ ಹೋಗ್ತಾರೆ. ನೀವು ಹಾಗೆ ಮಾಡಬೇಡಿ. ಬಂದವರಿಗೆ ಒಂದು ಪ್ರಶ್ನೆ ಕೇಳಿ: ಸುತ್ತ ಎಲ್ಲಾ ಒಣಗಿದ್ದಾಗ ಬಂಡೆಯೊಳಗೆ ನೀರು ಎಲ್ಲಿಂದ ಬರುತ್ತೆ? ಗ್ರಾನೈಟ್‌ನಂಥ ಗಟ್ಟಿ ಕಲ್ಲಿನ ಒಳಗೆ ನೀರು ಕೂತ್ಕೊಳ್ಳೋಕೆ ಜಾಗ ಇಲ್ಲ, ಅದು ಇರೋದು ಬಿರುಕುಗಳಲ್ಲಿ. ಮೇಲಿನ ಕಾಡಿನ ಮಣ್ಣು ಮಳೆನೀರನ್ನ ಹಿಡಿದಿಟ್ಟುಕೊಂಡು, ಬಿರುಕಿನ ಮೂಲಕ ನಿಧಾನಕ್ಕೆ ಕೆಳಗೆ ಬಿಡುತ್ತೆ. ಬಿರುಕು ಹೊರಗೆ ತೆರೆದುಕೊಂಡ ಕಡೆ ಚಿಲುಮೆ. ಅಂದ್ರೆ ಆ ಗುಂಡಿ ನೋಡ್ತಾ ನಾವು ನಿಜವಾಗಿ ನೋಡ್ತಾ ಇರೋದು ಅದರ ಮೇಲಿರೋ ಕಾಡನ್ನ.

ಮೇಲೆ ಬೆಟ್ಟದಲ್ಲಿ ಕೆಳಗೊಂದು ಭೋಗನರಸಿಂಹ, ತುದಿಯ ಹತ್ತಿರ ಯೋಗನರಸಿಂಹ. ಮೈಸೂರಿನ ಚಿಕ್ಕದೇವರಾಜ ಒಡೆಯರ್ ಈ ಬೆಟ್ಟ ಗೆದ್ದ ಮೇಲೆ ದೇವರಾಯನದುರ್ಗ ಅನ್ನೋ ಹೆಸರು ಬಂತು. ಕೋತಿಗಳ ಕಾಟ ಇದೆ, ಕೈಯಲ್ಲಿ ತಿಂಡಿ ಕವರ್ ಹಿಡಿದು ಮೆಟ್ಟಿಲು ಹತ್ತಬೇಡಿ.

ಇಲ್ಲಿ ನಿಂತು ತೋರಿಸಬೇಕಾದ ವಿಷಯ ಇದು. ಈ ಬೆಟ್ಟಸಾಲಿನಲ್ಲಿ ಎರಡು ನದಿ ಹುಟ್ಟುತ್ತವೆ. ಜಯಮಂಗಲಿ ಉತ್ತರದ ಕಡೆ ಇಳಿದು ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುತ್ತೆ. ಅದು ಆಂಧ್ರಕ್ಕೆ ಹೋಗಿ ಪೆನ್ನಾ ಅನ್ನೋ ಹೆಸರಲ್ಲಿ ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತೆ. ಶಿಂಷಾ ದಕ್ಷಿಣದ ಕಡೆ ಇಳಿದು ಗುಬ್ಬಿ, ತುರುವೇಕೆರೆ, ಕುಣಿಗಲ್, ಮದ್ದೂರು ದಾಟಿ ಕಾವೇರಿ ಸೇರುತ್ತೆ. ಅದು ತಮಿಳುನಾಡಿಗೆ ಹೋಗುತ್ತೆ. ಸರ್ವೇಯಿಂಗ್ ಕ್ಲಾಸ್‌ನಲ್ಲಿ ರಿಡ್ಜ್ ಲೈನ್ ಅಂತ ಡ್ರಾಯಿಂಗ್ ಶೀಟ್ ಮೇಲೆ ಚುಕ್ಕಿ ಗೆರೆ ಎಳೀತೀವಲ್ಲ, ಆ ಗೆರೆ ಇಲ್ಲಿ ಕಾಲ ಕೆಳಗೇ ಇದೆ. ಒಂದೇ ಮೋಡದ ಮಳೆ, ಬಂಡೆಯ ಈ ಕಡೆ ಬಿದ್ದರೆ ನೆಲ್ಲೂರು, ಆ ಕಡೆ ಬಿದ್ದರೆ ಕಾವೇರಿ ಡೆಲ್ಟಾ. ಚೆನ್ನೈಯಿಂದ ಬಂದ ಫ್ರೆಂಡ್ ಇದ್ರೆ ಇದನ್ನ ಹೇಳಿ ನೋಡಿ, ಮುಖ ಬದಲಾಗುತ್ತೆ.

ಇನ್ನು ಮುಂದೆ ನಮ್ಮ ದಾರಿ ಶಿಂಷಾ ಹಿಂದೆ.

ಏರಿ, ತೂಬು, ಕೋಡಿ

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್. ಡ್ಯಾಮ್, ಸ್ಲೂಯಿಸ್, ವೇಸ್ಟ್ ವಿಯರ್ ಅನ್ನೋ ಪದಗಳು ಮೊದಲು ಬಂದವು. ಅದೇ ವಸ್ತುಗಳಿಗೆ ನಮ್ಮ ಹಳ್ಳಿಯ ಪ್ರತಿ ಅಜ್ಜನ ಬಾಯಲ್ಲೂ ಪದ ಇದೆ ಅಂತ ಗೊತ್ತಾಗಿದ್ದು ಈ ಕಡೆ ಓಡಾಡೋಕೆ ಶುರು ಮಾಡಿದ ಮೇಲೆ. ಕೆರೆ ನೋಡೋಕೆ ಹೋಗೋ ಮುಂಚೆ ಮೂರು ಪದ ಸಾಕು. ಏರಿ ಅಂದ್ರೆ ನೀರನ್ನ ತಡೆಯೋ ಮಣ್ಣಿನ ದಂಡೆ. ತೂಬು ಅಂದ್ರೆ ಏರಿಯ ಕೆಳಗಿಂದ ಗದ್ದೆಗೆ ನೀರು ಬಿಡೋ ಕಿಂಡಿ, ಮೇಲೆ ಎರಡು ಕಲ್ಲುಕಂಬ ನಿಂತಿರ್ತವೆ. ಕೋಡಿ ಅಂದ್ರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ತಾನಾಗಿ ಹೊರಗೆ ಹೋಗೋ ಜಾಗ.

ಮೂರರಲ್ಲಿ ಕೋಡಿಯೇ ಬುದ್ಧಿವಂತಿಕೆಯ ಭಾಗ ಅಂತ ನನ್ನ ಅಭಿಪ್ರಾಯ. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿದರೆ ಏರಿ ಕೊಚ್ಚಿಹೋಗುತ್ತೆ, ಕೆಳಗಿನ ಊರೂ ಹೋಗುತ್ತೆ. ಅದಕ್ಕೆ ಏರಿಗಿಂತ ಸ್ವಲ್ಪ ತಗ್ಗಿನಲ್ಲಿ, ಕಲ್ಲು ಗಟ್ಟಿ ಇರೋ ಕಡೆ ಕೋಡಿ ಮಾಡ್ತಾರೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಒಳಹರಿವು. ಹೀಗೆ ಒಂದರ ಕೆಳಗೊಂದು ಸಾಲು. ಮೇಲಿನ ಊರಿನವರು ಕೋಡಿಯನ್ನ ಒಂದು ಅಡಿ ಎತ್ತರಿಸಿದರೆ ಕೆಳಗಿನ ಊರಿಗೆ ನೀರು ಬರೋದು ತಡವಾಗುತ್ತೆ, ಇಲ್ಲವೇ ಬರೋದೇ ಇಲ್ಲ. ಕೋಡಿ ಬಿದ್ದ ದಿನ ಊರವರು ಬಾಗಿನ ಬಿಡೋದು ಯಾಕೆ ಅಂತ ಇಷ್ಟು ಗೊತ್ತಾದರೆ ಅರ್ಥ ಆಗುತ್ತೆ.

ಇದನ್ನ ತೋರಿಸೋಕೆ ಗುಬ್ಬಿ ತಾಲ್ಲೂಕಿನ ಕಡಬ ಸರಿಯಾದ ಜಾಗ. ತುಮಕೂರಿನಿಂದ ಗುಬ್ಬಿ ಸುಮಾರು 20 ಕಿ.ಮೀ., ಅಲ್ಲಿಂದ ನೈಋತ್ಯಕ್ಕೆ ಕಡಬ. ಶಿಂಷಾ ನದಿಗೇ ಏರಿ ಹಾಕಿ ಮಾಡಿದ ದೊಡ್ಡ ಕೆರೆ ಇಲ್ಲಿದೆ. ಲಂಕೆಯಿಂದ ವಾಪಸ್ ಬರುವಾಗ ರಾಮನೇ ಕಟ್ಟಿಸಿದ ಅಂತ ಊರವರ ಕಥೆ. ಚಿಲುಮೆ ಮಾಡಿದವನೂ ರಾಮ, ಕೆರೆ ಮಾಡಿದವನೂ ರಾಮ. ನಮ್ಮ ಜನಕ್ಕೆ ನೀರಿನ ಕೆಲಸ ಎಷ್ಟು ದೊಡ್ಡದು ಅಂದ್ರೆ, ಅದನ್ನ ದೇವರ ಹೆಸರಿಗೆ ಬರೆದುಬಿಟ್ಟಿದ್ದಾರೆ. ಏರಿ ಮೇಲೆ ನಡೀತಾ ಒಂದು ಕಡೆ ನೀರು, ಇನ್ನೊಂದು ಕಡೆ ತೆಂಗು, ಅಡಿಕೆ, ಗದ್ದೆ ನೋಡಿ. ಎರಡರ ನಡುವೆ ಇರೋದು ಒಂದು ಮಣ್ಣಿನ ಗೋಡೆ ಮಾತ್ರ.

ಗುಬ್ಬಿ ಊರೊಳಗೆ ಎಷ್ಟು ಹೊತ್ತು ಇರಬೇಕು? ನಾಟಕದ ಹುಚ್ಚು ಇರೋರು ಬಂದಿದ್ರೆ ಒಂದು ಗಂಟೆ. 1884ರಲ್ಲಿ ಇಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿಯನ್ನ ಗುಬ್ಬಿ ವೀರಣ್ಣ ಕರ್ನಾಟಕದ ಹೊರಗೂ ಹೆಸರು ಮಾಡೋ ಹಾಗೆ ಬೆಳೆಸಿದರು. ಕುರುಕ್ಷೇತ್ರ ನಾಟಕಕ್ಕೆ ಸ್ಟೇಜ್ ಮೇಲೆ ನಿಜವಾದ ಆನೆ, ಕುದುರೆ ತಂದವರು ಅವರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಲ್ಲ ಆ ಕಂಪನಿಯ ಗರಡಿಯಲ್ಲಿ ಪಳಗಿದವರು. ಊರಿನ ಹೆಸರಿಗೂ ಒಂದು ಕಥೆ ಇದೆ: ಪುರಾಣ ಕೇಳೋಕೆ ದಿನಾ ಬರ್ತಿದ್ದ ಒಂದು ಜೋಡಿ ಗುಬ್ಬಚ್ಚಿ, ಪುರಾಣ ಮುಗಿದ ದಿನ ಪ್ರಾಣ ಬಿಟ್ಟವಂತೆ. ಕನ್ನಡ ಬರದ ಫ್ರೆಂಡ್‌ಗೆ ಊರಿನ ಹೆಸರಿನ ಅರ್ಥ ಹೇಳಿದರೇ ಖುಷಿ ಪಡ್ತಾರೆ.

ಮೆಕ್ಯಾನಿಕಲ್, ಏರೋ ಹುಡುಗರು ಒಂದು ವಿಷಯ ಕೇಳೇ ಕೇಳ್ತಾರೆ. ಹೌದು, ಎಚ್ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿದೆ, 615 ಎಕರೆ, 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯ್ತು. ಆದರೆ ಅದು ಪಿಕ್ನಿಕ್ ಸ್ಪಾಟ್ ಅಲ್ಲ. ಅನುಮತಿ ಇಲ್ಲದೆ ಗೇಟ್ ಹತ್ತಿರ ಫೋನ್ ಹಿಡಿದು ನಿಲ್ಲಬೇಡಿ.

ಇದು ಮೊದಲ ದಿನದ ದಾರಿ: ಬೆಟ್ಟ, ಗುಬ್ಬಿ, ಕಡಬ, ವಾಪಸ್. ಲೆಕ್ಕ ಹಾಕಿದರೆ ಸುಮಾರು 100 ಕಿ.ಮೀ. ನಮ್ಮ ರಸ್ತೆಗಳಲ್ಲಿ ಬಸ್ ಕಾಯೋದೂ ಸೇರಿಸಿ ಗಂಟೆಗೆ 30 ಕಿ.ಮೀ. ಅಂತ ಹಿಡಿಯಿರಿ, ಹೆಚ್ಚು ಕಡಿಮೆ ಮೂರೂವರೆ ಗಂಟೆ. ಬೆಳಗ್ಗೆ 7ಕ್ಕೆ ಹೊರಟು ಸಂಜೆ 6ಕ್ಕೆ ಬಂದರೆ 11 ಗಂಟೆ. ಅದರಲ್ಲಿ ಓಡಾಟ ಮೂರನೇ ಒಂದು ಭಾಗ. ಇದೇ ನನ್ನ ರೂಲ್: ಓಡಾಟದ ಸಮಯ ಅರ್ಧ ದಿನ ದಾಟಿದರೆ ಒಂದು ಜಾಗ ಪಟ್ಟಿಯಿಂದ ತೆಗೀಬೇಕು. ಕುಣಿಗಲ್‌ನ್ನೂ ಅದೇ ದಿನಕ್ಕೆ ತುರುಕಿದರೆ ಈ ರೂಲ್ ಮುರಿಯುತ್ತೆ, ಅದಕ್ಕೆ ಅದು ಬೇರೆ ದಿನ. ಬೆಟ್ಟಕ್ಕೆ ಬಸ್ ಕಡಿಮೆ, ಹತ್ತೋ ಮುಂಚೆ ವಾಪಸ್ ಬಸ್ ಯಾವಾಗ ಅಂತ ಕಂಡಕ್ಟರ್‌ನ ಕೇಳಿ. ಇನ್ನೊಂದು: ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ಮಹಿಳೆಯರಿಗೆ. ಹೊರ ರಾಜ್ಯದ ಗೆಳತಿ ಬಂದಿದ್ರೆ ಅವಳಿಗೆ ಟಿಕೆಟ್ ತಗೋಬೇಕು, ಬಸ್ಸಲ್ಲಿ ವಾದ ಮಾಡೋಕೆ ಹೋಗಬೇಡಿ.

ಕುಣಿಗಲ್ ದಾರಿ

ತುಮಕೂರಿನಿಂದ ಕುಣಿಗಲ್ ದಕ್ಷಿಣಕ್ಕೆ ಸುಮಾರು 36 ಕಿ.ಮೀ. ಮ್ಯಾಪ್‌ನಲ್ಲಿ ಎರಡೂ ಕಡೆ ರೈಲ್ವೇ ಸ್ಟೇಷನ್ ನೋಡಿ ಟ್ರೈನ್‌ನಲ್ಲಿ ಹೋಗೋಣ ಅಂದ್ಕೋಬೇಡಿ. ತುಮಕೂರು, ಗುಬ್ಬಿ ಇರೋದು ಬೆಂಗಳೂರು-ಅರಸೀಕೆರೆ ಲೈನ್‌ನಲ್ಲಿ. ಕುಣಿಗಲ್ ಇರೋದು 2017ರಲ್ಲಿ ಪೂರ್ತಿ ಶುರುವಾದ ಬೆಂಗಳೂರು-ಹಾಸನ ಲೈನ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗ್ಬೇಕು ಅಂದ್ರೆ ಬೆಂಗಳೂರಿನ ಕಡೆ ಹೋಗಿ ಬರಬೇಕು. ಬಸ್ಸೇ ಗತಿ.

ದಾರಿಯಲ್ಲಿ ಗೂಳೂರಿನ ಹತ್ತಿರ ಕೈದಾಳ. ಚನ್ನಕೇಶವ ದೇವಸ್ಥಾನ. ಬೇಲೂರಿನಲ್ಲಿ ಪ್ರತಿಜ್ಞೆ ಮಾಡಿ ತನ್ನ ಬಲಗೈ ಕಡಿದುಕೊಂಡ ಶಿಲ್ಪಿ ಜಕಣಾಚಾರಿಗೆ ಇಲ್ಲಿ ದೇವರ ಮೂರ್ತಿ ಮಾಡಿದ ಮೇಲೆ ಕೈ ವಾಪಸ್ ಬಂತು ಅನ್ನೋ ಕಥೆಯನ್ನ ಎಲ್ಲರೂ ಕೇಳಿದ್ದೀವಿ. ತಪ್ಪು ತೋರಿಸಿದ್ದು ಸ್ವಂತ ಮಗ: ಆ ಕಲ್ಲಿನೊಳಗೆ ದೋಷ ಇದೆ ಅಂತ ಗಂಧ ಬಳಿದು, ಒಣಗದ ಜಾಗ ತೋರಿಸಿದ, ಒಡೆದಾಗ ಒಳಗಿಂದ ನೀರು, ಕಪ್ಪೆ ಬಂತು. ಕಥೆ ಕಥೆಯೇ. ಆದರೆ ಕಥೆಯೊಳಗೆ ಒಂದು ಟೆಸ್ಟ್ ಮೆಥಡ್ ಇದೆ ನೋಡಿ. ತೇವಾಂಶದ ವ್ಯತ್ಯಾಸದಿಂದ ಒಳಗಿನ ದೋಷ ಕಂಡುಹಿಡಿಯೋದು, ಒಡೆಯದೇ ಮಾಡೋ ಪರೀಕ್ಷೆ. ಮೆಟೀರಿಯಲ್ಸ್ ಕ್ಲಾಸ್‌ನಲ್ಲಿ ಬಣ್ಣದ ದ್ರವ ಬಳಿದು ಬಿರುಕು ಹುಡುಕೋದು ಕಲಿಯುವಾಗ ನನಗೆ ನೆನಪಾಗಿದ್ದು ಇದೇ. ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನ ಬಾಗಿಲು ಹಾಕೋ ದೇವಸ್ಥಾನಗಳೇ ಈ ಕಡೆ ಜಾಸ್ತಿ.

ಕುಣಿಗಲ್‌ನಲ್ಲಿ ದೊಡ್ಡ ಕೆರೆ. ಇದರ ಬಗ್ಗೆ ಜನಪದ ಹಾಡು ಇದೆ, ಸುಗಮ ಸಂಗೀತ ಕಾರ್ಯಕ್ರಮಗಳಲ್ಲಿ ನೀವು ಕೇಳಿರ್ತೀರಿ. ಬಂದವರಿಗೆ ಏರಿ ಮೇಲೆ ನಿಂತು ಆ ಹಾಡನ್ನ ಫೋನ್‌ನಲ್ಲಿ ಕೇಳಿಸಿ, ಹಾಡಿನ ಅರ್ಥ ಒಂದೊಂದೇ ಸಾಲು ಹೇಳಿ. ನಾನು ನೋಡಿದ ಮಟ್ಟಿಗೆ, ಇಡೀ ದಿನದಲ್ಲಿ ಜನ ಜಾಸ್ತಿ ನೆನಪಿಟ್ಟುಕೊಳ್ಳೋದು ಈ ಹತ್ತು ನಿಮಿಷವನ್ನ. ಊರಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕಿದ ಸ್ಟಡ್ ಫಾರ್ಮ್ ಕೂಡ ಇದೆ. ಹೊರಗಿನಿಂದ ಮರಗಳ ಸಾಲು ಕಾಣುತ್ತೆ. ಒಳಗೆ ಸುಮ್ಮನೆ ಹೋಗೋಕೆ ಆಗಲ್ಲ.

ಏರಿ ಮೇಲೆ ನಿಂತಾಗಲೇ ಹೇಳಬೇಕಾದ ಇನ್ನೊಂದು ವಿಷಯ ಇದೆ. ಬಂದವರು ಪೇಪರ್‌ನಲ್ಲಿ ಓದಿರಬಹುದು. ಈಗ ನಮ್ಮ ಕೆರೆಗಳು ಬರೀ ತಮ್ಮ ಮಳೆಯನ್ನ ನಂಬಿಲ್ಲ. ಹಾಸನ ಜಿಲ್ಲೆಯ ಗೊರೂರಿನ ಹೇಮಾವತಿ ಅಣೆಕಟ್ಟಿನ ನೀರು ಕಾಲುವೆಯಲ್ಲಿ, ಬಾಗೂರು-ನವಿಲೆ ಸುರಂಗ ದಾಟಿ ನಮ್ಮ ಜಿಲ್ಲೆಗೆ ಬರುತ್ತೆ. ತುಮಕೂರು ನಗರ ಕುಡಿಯೋದು ಬುಗುಡನಹಳ್ಳಿ ಕೆರೆಗೆ ಬರೋ ಹೇಮಾವತಿ ನೀರನ್ನ. ಅಂದ್ರೆ ಹಾಸ್ಟೆಲ್‌ನ ನಲ್ಲಿ ತಿರುಗಿಸಿದಾಗ ಬರೋದು ಪಶ್ಚಿಮ ಘಟ್ಟದ ಮಳೆ ಆಗಿರಬಹುದು. ಕಾಲುವೆಯ ಕೊನೆಯಲ್ಲಿರೋ ಕುಣಿಗಲ್‌ಗೆ ತನ್ನ ಪಾಲು ಸರಿಯಾಗಿ ಮುಟ್ಟಿಲ್ಲ ಅನ್ನೋದು ಆ ಕಡೆಯವರ ಹಳೆಯ ದೂರು. ಅದಕ್ಕೆ ಗುಬ್ಬಿ ತಾಲ್ಲೂಕಿನ ಕಡೆಯಿಂದ ನೇರವಾಗಿ ಕುಣಿಗಲ್ ಕಡೆಗೆ ನೀರು ಒಯ್ಯೋ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಬಂತು. ಹೀಗೆ ಮಾಡಿದರೆ ನಮ್ಮ ಕೆರೆಗಳಿಗೆ ಬರೋ ನೀರು ಕಡಿಮೆ ಆಗುತ್ತೆ ಅಂತ ಗುಬ್ಬಿ, ತುಮಕೂರು ಕಡೆಯ ರೈತರು 2025ರಲ್ಲಿ ರಸ್ತೆಗೆ ಇಳಿದು ವಿರೋಧ ಮಾಡಿದರು. ನಮ್ಮ ಕ್ಲಾಸಲ್ಲೇ ಎರಡೂ ಕಡೆಯ ಹುಡುಗರಿದ್ದಾರೆ. ಯಾರು ಸರಿ ಅಂತ ತೀರ್ಪು ಕೊಡೋಕೆ ನಾನು ಇಲ್ಲಿ ಕೂತಿಲ್ಲ. ಮೇಲಿನ ಕೋಡಿ, ಕೆಳಗಿನ ಒಳಹರಿವು ಅಂತ ಆಗಲೇ ಹೇಳಿದೆನಲ್ಲ, ಜಗಳ ಅದೇ. ಕಲ್ಲಿನ ಕೋಡಿ ಬದಲು ಪೈಪ್ ಬಂದಿದೆ ಅಷ್ಟೇ. ನಿನ್ನೆ ಗುಬ್ಬಿ ನೋಡಿ ಇವತ್ತು ಕುಣಿಗಲ್ ನೋಡಿದವರಿಗೆ ಎರಡೂ ಕಡೆಯ ಮಾತು ಅರ್ಥ ಆಗುತ್ತೆ.

ಮಾರ್ಕೋನಹಳ್ಳಿ: ಈ ಭಾಗ ಓದದೆ ಯಾರನ್ನೂ ಕರ್ಕೊಂಡು ಹೋಗಬೇಡಿ

ಕುಣಿಗಲ್‌ನಿಂದ ಹಾಸನದ ಕಡೆ ಹೈವೇಲಿ ಹೋದರೆ ಸುಮಾರು 20 ಕಿ.ಮೀ.ಗೆ ಎಡೆಯೂರು, ತೋಂಟದ ಸಿದ್ಧಲಿಂಗರ ಗದ್ದುಗೆ ಇರೋ ಕ್ಷೇತ್ರ. ದಾಸೋಹದಲ್ಲಿ ಊಟ ಸಿಗುತ್ತೆ, ಮಧ್ಯಾಹ್ನದ ಪ್ರಶ್ನೆ ಮುಗೀತು. ಅಲ್ಲಿಂದ ಹತ್ತಿರದಲ್ಲೇ ಮಾರ್ಕೋನಹಳ್ಳಿ ಜಲಾಶಯ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ ಶಿಂಷಾಗೆ ಅಡ್ಡ ಕಟ್ಟಿದ್ದು. ಮಧ್ಯದಲ್ಲಿ ಕಲ್ಲಿನ ಕಟ್ಟಡ, ಎರಡೂ ಕಡೆ ಉದ್ದಕ್ಕೆ ಮಣ್ಣಿನ ಏರಿ.

ಇದರ ವಿಶೇಷ ಸೈಫನ್. ಮೈಸೂರು ಸಂಸ್ಥಾನದ ಇಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ವಾಲ್ಯೂಟ್ ಸೈಫನ್. ಸಿವಿಲ್‌ನವರ ಇರಿಗೇಷನ್ ಪುಸ್ತಕಗಳಲ್ಲಿ ಅವರ ಹೆಸರಿನಲ್ಲೇ ಇದರ ಚಿತ್ರ ಇರುತ್ತೆ. ಪುಸ್ತಕ ಬರೆದವರು ಎಲ್ಲಿಯವರೋ, ಪುಸ್ತಕದೊಳಗಿನ ಚಿತ್ರ ಮಾತ್ರ ನಮ್ಮ ಜಿಲ್ಲೆಯದು.

ಕೆಲಸ ಮಾಡೋದು ಹೀಗೆ. ಜಲಾಶಯದೊಳಗೆ ನೆಟ್ಟಗೆ ನಿಂತ ಒಂದು ದೊಡ್ಡ ಕೊಳವೆ ಕಲ್ಪಿಸಿಕೊಳ್ಳಿ. ಅದರ ಬಾಯಿ ಎಣ್ಣೆ ಹಾಕೋ ಆಲಿಕೆ ಥರ ಅಗಲ. ಬಾಯಿಯ ಅಂಚು ಜಲಾಶಯದ ಪೂರ್ತಿ ಮಟ್ಟದಲ್ಲಿದೆ. ಆಲಿಕೆಯ ಮೇಲೆ ತಟ್ಟದ ಹಾಗೆ, ಕಂಬಗಳ ಮೇಲೆ ನಿಂತ ಒಂದು ಗುಮ್ಮಟ ಮುಚ್ಚಿದೆ. ಕೊಳವೆಯ ಕೆಳತುದಿ ಅಣೆಕಟ್ಟಿನ ಅಡಿಯಿಂದ ಹೊರಗೆ ಹೋಗುತ್ತೆ. ಆಲಿಕೆಯ ಒಳಮೈ ಮೇಲೆ ಶಂಖದ ಸುರುಳಿಯಂತೆ ಬಾಗಿದ ಉಬ್ಬುಗೆರೆಗಳಿವೆ, ಅವೇ ವಾಲ್ಯೂಟ್. ನೀರಿನ ಮಟ್ಟ ಅಂಚು ದಾಟಿದ ಕೂಡಲೇ ನೀರು ಆಲಿಕೆಗೆ ಇಳಿಯುತ್ತೆ, ಆದರೆ ಈ ಉಬ್ಬುಗಳಿಂದಾಗಿ ನೇರ ಇಳಿಯದೆ ಸುತ್ತುತ್ತಾ ಇಳಿಯುತ್ತೆ. ಸುಳಿ ಹುಟ್ಟುತ್ತೆ. ಸುಳಿ ಗುಮ್ಮಟದೊಳಗಿನ ಗಾಳಿಯನ್ನ ಎಳಕೊಂಡು ಕೆಳಗೆ ಹೋಗುತ್ತೆ. ಒಳಗೆ ಒತ್ತಡ ಕಡಿಮೆ ಆಗುತ್ತೆ, ಹೊರಗಿನ ಗಾಳಿಯ ಒತ್ತಡ ಜಲಾಶಯದ ನೀರನ್ನ ಇನ್ನಷ್ಟು ಒಳಗೆ ತಳ್ಳುತ್ತೆ. ಸ್ವಲ್ಪ ಹೊತ್ತಿನಲ್ಲಿ ಕೊಳವೆ ಪೂರ್ತಿ ತುಂಬಿ ಸೈಫನ್ ಆಗಿಬಿಡುತ್ತೆ. ಆಮೇಲೆ ಮಟ್ಟ ಇಳಿದು, ಗಾಳಿ ಒಳಗೆ ಹೋಗೋಕೆ ಬಿಟ್ಟಿರೋ ದಾರಿ ತೆರೆದುಕೊಂಡರೆ, ಗಾಳಿ ನುಗ್ಗಿ ತಾನಾಗಿ ನಿಲ್ಲುತ್ತೆ. ಗೇಟ್ ಇಲ್ಲ, ಕರೆಂಟ್ ಬೇಡ, ರಾತ್ರಿ ಮಳೆಯಲ್ಲಿ ಎದ್ದು ಬರೋ ಆಪರೇಟರ್ ಬೇಡ.

ಸಾದಾ ಕೋಡಿಗೂ ಇದಕ್ಕೂ ವ್ಯತ್ಯಾಸ ಎಷ್ಟು? ಒಂದು ಉದಾಹರಣೆ ಲೆಕ್ಕ ಮಾಡೋಣ. ಅಂಕಿಗಳು ನಾನು ಊಹಿಸಿಕೊಂಡಿದ್ದು, ಮಾರ್ಕೋನಹಳ್ಳಿಯ ಅಳತೆ ಅಲ್ಲ. ಕೋಡಿಯ ಮೇಲೆ 15 ಸೆಂ.ಮೀ. ನೀರು ಹರೀತಾ ಇದ್ದರೆ, ಒಂದು ಮೀಟರ್ ಉದ್ದಕ್ಕೆ ಹೋಗೋದು 1.7 ಗುಣಿಸು 0.15ರ ಒಂದೂವರೆ ಘಾತ, ಅಂದ್ರೆ ಸೆಕೆಂಡಿಗೆ ಸುಮಾರು 0.1 ಘನ ಮೀಟರ್. ಅದೇ 15 ಸೆಂ.ಮೀ.ಗೆ ಸೈಫನ್ ಶುರುವಾಯ್ತು ಅಂದ್ಕೊಳ್ಳಿ. ಈಗ ವೇಗ ನಿರ್ಧಾರ ಆಗೋದು ಆ 15 ಸೆಂ.ಮೀ.ಯಿಂದ ಅಲ್ಲ, ಮೇಲಿನ ನೀರಿನ ಮಟ್ಟಕ್ಕೂ ಕೆಳಗಿನ ಬಾಯಿಗೂ ಇರೋ ಪೂರ್ತಿ ಎತ್ತರದಿಂದ. ಎತ್ತರ 10 ಮೀಟರ್ ಆದರೆ 2gHನ ವರ್ಗಮೂಲ ಸೆಕೆಂಡಿಗೆ 14 ಮೀಟರ್. ನಷ್ಟ ಕಳೆದು 10 ಅಂತ ಹಿಡಿಯಿರಿ. ಕೊಳವೆಯ ವ್ಯಾಸ 3 ಮೀಟರ್ ಆದರೆ ಅಡ್ಡಕೊಯ್ತ 7 ಚದರ ಮೀಟರ್. ಅಂದ್ರೆ ಸೆಕೆಂಡಿಗೆ 70 ಘನ ಮೀಟರ್. ಇಷ್ಟೇ ನೀರು ಸಾದಾ ಕೋಡಿಯಲ್ಲಿ ಹೋಗಬೇಕು ಅಂದ್ರೆ ಕೋಡಿ ಸುಮಾರು 700 ಮೀಟರ್ ಉದ್ದ ಬೇಕು. ಅಂಗೈ ಅಗಲದ ಮಟ್ಟದ ವ್ಯತ್ಯಾಸಕ್ಕೆ ಇಷ್ಟು ನೀರು.

ಈಗ ಇದೇ ಲೆಕ್ಕವನ್ನ ಕೆಳಗಡೆ ನಿಂತವನ ಕಣ್ಣಲ್ಲಿ ಮಾಡಿ. ಸಾದಾ ಕೋಡಿ ಮೊದಲು ತೆಳ್ಳಗೆ ಹರಿದು, ಆಮೇಲೆ ದಪ್ಪ ಆಗುತ್ತೆ; ನೀರು ಏರೋದು ಕಣ್ಣಿಗೆ ಕಾಣುತ್ತೆ, ಎದ್ದು ಬರೋಕೆ ಸಮಯ ಇರುತ್ತೆ. ಸೈಫನ್ ಹಾಗಲ್ಲ. ಸ್ವಲ್ಪ ಹೊತ್ತು ಸಣ್ಣ ಹರಿವು, ಕೊಳವೆ ತುಂಬಿದ ಕ್ಷಣ ಪೂರ್ತಿ ಹರಿವು. ನಡುವೆ ಹೆಚ್ಚು ಹೊತ್ತಿಲ್ಲ. ಯಾವಾಗ ಶುರು ಅಂತ ತೀರ್ಮಾನ ಮಾಡೋ ಮನುಷ್ಯನೇ ಇಲ್ಲ. ಮೇಲಾಗಿ ಈ ಜಲಾಶಯಕ್ಕೆ ನೀರು ಬರೋ ಪ್ರದೇಶ 4,000 ಚದರ ಕಿ.ಮೀ.ಗಿಂತ ದೊಡ್ಡದು. ನೀವು ನಿಂತ ಕಡೆ ಬಿಸಿಲಿದ್ದರೂ, ನಿನ್ನೆ ರಾತ್ರಿ ಗುಬ್ಬಿಯಲ್ಲೋ ತುರುವೇಕೆರೆಯಲ್ಲೋ ಬಿದ್ದ ಮಳೆ ಇವತ್ತು ಮಧ್ಯಾಹ್ನ ಇಲ್ಲಿ ಮಟ್ಟ ಏರಿಸಬಹುದು.

2025ರ ಅಕ್ಟೋಬರ್‌ನಲ್ಲಿ ನಡೆದದ್ದು ಇದೇ. ತುಮಕೂರಿನಿಂದ ಪಿಕ್ನಿಕ್‌ಗೆ ಹೋಗಿದ್ದ ಒಂದೇ ಕುಟುಂಬದ ಕೆಲವರು ಅಣೆಕಟ್ಟಿನ ಕೆಳಗಡೆ ನೀರಿಗೆ ಇಳಿದಿದ್ದಾಗ ಇದ್ದಕ್ಕಿದ್ದಂತೆ ನೀರು ನುಗ್ಗಿ ಕೊಚ್ಚಿಕೊಂಡು ಹೋಯ್ತು. ಹೆಂಗಸರು, ಮಕ್ಕಳು ಇದ್ದರು. ಅವರೇನೂ ಸಾಹಸ ಮಾಡೋಕೆ ಹೋದವರಲ್ಲ, ನಮ್ಮ ಹಾಗೇ ಒಂದು ದಿನ ರಜಾ ಕಳೆಯೋಕೆ ಹೋದವರು. ಆ ಸುದ್ದಿ ಬಂದ ವಾರ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಅದನ್ನೇ ಮಾತಾಡಿದರು. ಸೈಫನ್ ಅಂದ್ರೆ ಏನು ಅಂತ ಗೊತ್ತಿದ್ದವರು ಸಿವಿಲ್‌ನ ಮೂರೋ ನಾಲ್ಕೋ ಜನ.

ಆದ್ದರಿಂದ ಮಾರ್ಕೋನಹಳ್ಳಿಗೆ ಕರ್ಕೊಂಡು ಹೋಗೋರು ಇಷ್ಟು ಮಾಡಿ. ನೋಡೋದು ಮೇಲಿನಿಂದ, ಬಿಡೋ ಜಾಗದವರೆಗೆ ಮಾತ್ರ. ಅಣೆಕಟ್ಟಿನ ಕೆಳಗಿನ ಕಾಲುವೆಗೆ, ಬಂಡೆಗಳ ಮೇಲೆ, ಎಷ್ಟೇ ಒಣಗಿದ್ದರೂ, ಕಾಲು ತೊಳೆಯೋಕೂ ಇಳಿಯಬೇಡಿ. ಜಲಾಶಯ ತುಂಬೋ ಹಂತಕ್ಕೆ ಬಂದಿದೆ ಅಂತ ಪೇಪರ್‌ನಲ್ಲಿ ಬಂದಿದ್ದರೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಅದು ಸಾಮಾನ್ಯ, ಆ ದಿನ ಇನ್ನೂ ದೂರ ನಿಲ್ಲಿ. ಹೊರಗಿಂದ ಬಂದವರಿಗೆ ಬೋರ್ಡ್ ಓದೋಕೆ ಬರದೇ ಇರಬಹುದು, ಕನ್ನಡ ಗೊತ್ತಿರೋರು ನಾವು, ಓದಿ ಹೇಳಬೇಕಾದವರೂ ನಾವೇ. ಮೇಲಿಂದ ಸೈಫನ್ ತೋರಿಸಿ, ಆಲಿಕೆ ಮತ್ತು ಸುಳಿಯ ಕಥೆ ಹೇಳಿ. ಅದು ಗೊತ್ತಾದ ಮೇಲೆ ಯಾರೂ ಕೆಳಗೆ ಇಳಿಯೋಣ ಅನ್ನಲ್ಲ.

ಈ ಎರಡನೇ ದಿನ ಸುಮಾರು 125 ಕಿ.ಮೀ. ಆಗುತ್ತೆ, ಓಡಾಟವೇ ನಾಲ್ಕು ಗಂಟೆ ದಾಟುತ್ತೆ, ಆದರೂ ನನ್ನ ರೂಲ್ ಒಳಗೇ ಇದೆ. ಬಂದವರು ರಾತ್ರಿ ಬೆಂಗಳೂರಿಗೆ ಹೋಗೋರಾದರೆ ಬ್ಯಾಗ್ ಜೊತೆಗೇ ತಂದುಬಿಡಲಿ. ಮತ್ತೆ ತುಮಕೂರಿಗೆ ಬರೋ ಅವಶ್ಯಕತೆ ಇಲ್ಲ, ಕುಣಿಗಲ್‌ನಿಂದಲೇ ಬೆಂಗಳೂರಿಗೆ ಬಸ್ಸೂ ಸಿಗುತ್ತೆ, ಟ್ರೈನೂ ಇದೆ. ಅವರನ್ನ ಅಲ್ಲಿ ಹತ್ತಿಸಿ, ನೀವು ಹೆಬ್ಬೂರು ಮೇಲೆ ಬರೋ ತುಮಕೂರು ಬಸ್ ಹಿಡಿಯಿರಿ. ಕತ್ತಲಾದ ಮೇಲೆ ಬಸ್ ಕಡಿಮೆ, ಆರು ಗಂಟೆಯೊಳಗೆ ಸ್ಟ್ಯಾಂಡ್‌ನಲ್ಲಿ ಇರಿ.